ಅಪ್ಪನ ಕಾಲು, ಬಿಳಿ ಟೇಪು: ನನ್ನ ಅನುಭವ

ಪಾರ್ಕಿನ್ಸನ್ ಕಾಯಿಲೆ ಇರುವವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಕಾಲು ಕಚ್ಚಿಕೊಳ್ಳುವುದು, ಅಂದರೆ ನಡೆಯುತ್ತಿರುವಾಗಲೇ ಪಾದ ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುವುದು, ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಪ್ಪನಿಗೆ ಅದು ಹೊಸ್ತಿಲ ಹತ್ತಿರ ಜಾಸ್ತಿ. ನಡುಮನೆಯಲ್ಲಿ ಹೇಗೋ ಬರುತ್ತಿದ್ದರು. ಬಚ್ಚಲ ಬಾಗಿಲು ಕಂಡರೆ ಮುಗಿಯಿತು. ಪಾದ ಅಲ್ಲೇ, ಮೈ ಮಾತ್ರ ಮುಂದೆ. ಬೀಳುತ್ತಿದ್ದದ್ದೂ ಅಲ್ಲೇ.

ಮೊದಲು ದುಡ್ಡು ಹೋದ ಕಥೆ. ಮಡಚುವ ವಾಕರ್ ತಂದೆವು, 1,500 ರೂಪಾಯಿ ಇರಬೇಕು. ಪ್ರತಿ ಹೆಜ್ಜೆಗೂ ಅದನ್ನು ಎತ್ತಿ ಇಡಬೇಕು. ಎತ್ತಿದವರು ಅಲ್ಲೇ ನಿಂತುಬಿಡುತ್ತಿದ್ದರು. ಚಕ್ರದ ವಾಕರ್‌ಗೆ 5,000ದ ಹತ್ತಿರ ಆಯಿತು. ಅದು ಮುಂದೆ ಓಡಿತು, ಅಪ್ಪ ಹಿಂದೆ ಉಳಿದರು. ಈಗ ಅದರ ಮೇಲೆ ಟವೆಲ್ ಒಣಗುತ್ತಿದೆ. ಕಾಲು ಒತ್ತುವ ಮಶೀನಿಗೆ ಹೆಚ್ಚುಕಮ್ಮಿ 12,000 ಸುರಿದೆವು. ಉಪಯೋಗ ಆಗಿದ್ದು ಅಮ್ಮನ ಮಂಡಿಗೆ. ಏಜೆನ್ಸಿಯಿಂದ ಒಬ್ಬ ಹುಡುಗನನ್ನೂ ಇಟ್ಟುಕೊಂಡಿದ್ದೆವು, ತಿಂಗಳಿಗೆ ಸುಮಾರು 20,000, ಊಟ ಬೇರೆ. ಅವನಿಗೆ ಗೊತ್ತಿದ್ದದ್ದು ರಟ್ಟೆ ಹಿಡಿದು ಎಳೆಯುವುದೊಂದೇ. ಕಾಲು ಕಚ್ಚಿಕೊಂಡವರನ್ನು ಎಳೆದರೆ ಏನಾಗುತ್ತೆ ಅಂತ ನಿಮಗೆ ಗೊತ್ತು.

ಸಮತಟ್ಟು ನೆಲದಲ್ಲಿ ನಿಂತುಬಿಡುವ ಅಪ್ಪ ಮಹಡಿ ಮೆಟ್ಟಿಲನ್ನು ಮಾತ್ರ ಸಲೀಸಾಗಿ ಹತ್ತುತ್ತಿದ್ದರು. ನಾಟಕ ಮಾಡ್ತಾರೆ ಅಂತ ಚಿಕ್ಕಪ್ಪ ನಗುತ್ತಿದ್ದರು. ನಾಟಕ ಅಲ್ಲ. ದಾಟಲು ಕಣ್ಣಿಗೆ ಏನಾದರೂ ಕಂಡರೆ ಕಾಲು ಏಳುತ್ತೆ. ನನ್ನ ಪಾದವನ್ನು ಅವರ ಮುಂದೆ ಅಡ್ಡ ಇಟ್ಟು ನೋಡಿದೆ. ದಾಟಿದರು! ಹಾಗಾದರೆ ನೆಲಕ್ಕೇ ಮೆಟ್ಟಿಲು ಬರೆದರಾಯಿತು ಅನ್ನಿಸಿತು.

ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಒರೆಸಿದ ಮೇಲೆ ಮಾಯ. ಕರೆಂಟಿನವರ ಟೇಪು ಅಂಟಿಸಿದೆ, ತುದಿ ಎದ್ದು ಕಾಲಿಗೆ ಸಿಕ್ಕಿತು. ಅದು ಇನ್ನೂ ಅಪಾಯ. ಕೊನೆಗೆ ಕಾರ್ಖಾನೆ ನೆಲಕ್ಕೆ ಹಾಕುವ ಅಗಲದ ಬಿಳಿ ಟೇಪು ತಂದೆ, ಎರಡು ಸುರುಳಿಗೆ 500 ಇರಬಹುದು. ನಮ್ಮದು ಕೆಂಪು ರೆಡ್ ಆಕ್ಸೈಡ್ ನೆಲ, ಬಿಳಿ ಎದ್ದು ಕಾಣುತ್ತೆ. ತುದಿ ಏಳದ ಹಾಗೆ ಅಂಚಿಗೆ ನಾನೊಂದು ಹಚ್ಚುತ್ತೇನೆ. ಅದೇನು ಅಂತ ಮಾತ್ರ ಹೇಳಲ್ಲ!

ಗೆರೆ ನಡೆಯುವ ದಾರಿಗೆ ಅಡ್ಡ ಇರಬೇಕು. ಉದ್ದಕ್ಕೆ ಎಳೆದರೆ ಪ್ರಯೋಜನ ಇಲ್ಲ. ಎರಡು ಅಡಿ ಅಂತರ ಕೊಟ್ಟಾಗ ಎಟುಕದೆ ವಾಲಿದರು. ಒಂದೂವರೆ ಅಡಿಗಿಂತ ಸ್ವಲ್ಪ ಕಡಿಮೆ ಮಾಡಿದ ಮೇಲೆ ಸರಿ ಹೋಯಿತು. ಹೊಸ್ತಿಲಿನ ಈಚೆಗೆ ಮಾತ್ರ ಹಾಕಿದರೆ ಸಾಲದು, ಆಚೆಗೂ ಎರಡು ಗೆರೆ ಕಾಣಬೇಕು. ಇಲ್ಲದಿದ್ದರೆ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತಾರೆ. ತಿರುಗುವ ಜಾಗ ನನಗೆ ಬಹಳ ಕಾಟ ಕೊಟ್ಟಿತು. ಕಮೋಡಿನ ಮುಂದೆ ನಿಂತಲ್ಲೇ ತಿರುಗಲು ಹೋದರೆ ಕಾಲಿಗೆ ಕಾಲು ಸುತ್ತಿಕೊಳ್ಳುತ್ತೆ. ಅಲ್ಲಿ ಗೆರೆಗಳನ್ನು ಬೀಸಣಿಗೆ ಬಿಚ್ಚಿದ ಹಾಗೆ ಹಾಕಿದೆ. ದೊಡ್ಡ ಸುತ್ತು ಹಾಕಿ ತಿರುಗುತ್ತಾರೆ.

"ಏನಪ್ಪಾ, ಮುದುಕರಿಗೆ ಕುಂಟೆಬಿಲ್ಲೆ ಆಡಿಸ್ತೀಯಾ?" ಅಂದರು ಅತ್ತೆ. ಈಗ ಮನೆಗೆ ಬರುವ ಫಿಜಿಯೋಥೆರಪಿಸ್ಟ್ ನಮ್ಮ ನೆಲದ ಫೋಟೋ ಹಿಡಿದುಕೊಂಡು ಬೇರೆ ಮನೆಗಳಲ್ಲಿ ತೋರಿಸುತ್ತಾರೆ. ಅತ್ತೆಗೂ ಅದನ್ನು ಹೇಳಿದ್ದೇನೆ, ಸುಮ್ನೆ ಬಿಡ್ತೀನಾ?

ಟೇಪು ಒಂದೇ ಸಾಲದು ಅನ್ನುವುದೂ ನಿಜ. ಸಿಂಡೋಪಾ (ಈ ಕಾಯಿಲೆಗೆ ಕೊಡುವ, ಲೆವೊಡೋಪಾ ಅನ್ನುವ ಔಷಧಿ ಇರುವ ಮಾತ್ರೆ) ಹಿಡಿಯದಿದ್ದರೆ ಯಾವ ಗೆರೆಯೂ ಕೆಲಸ ಮಾಡಲ್ಲ. ಅಪ್ಪ ಬೆಳಿಗ್ಗೆ ಮಾತ್ರೆಯನ್ನು ಒಂದು ಲೋಟ ಹಾಲಿನ ಜೊತೆ ನುಂಗುತ್ತಿದ್ದರು. ಹಾಲು, ಬೇಳೆ, ಮೊಟ್ಟೆಯ ಪ್ರೋಟೀನು ಮಾತ್ರೆಗೆ ಅಡ್ಡ ಬರುತ್ತೆ. ಡಾಕ್ಟರನ್ನು ಕೇಳಿಕೊಂಡು ಹಾಲು, ಉಸಲಿ, ಮೊಟ್ಟೆ ಎಲ್ಲ ರಾತ್ರಿಗೆ ತಳ್ಳಿದೆ. ಬೆಳಿಗ್ಗೆ ಮಾತ್ರೆಗೆ ನೀರು ಮಾತ್ರ. ಅರ್ಧ, ಮುಕ್ಕಾಲು ಗಂಟೆ ಬಿಟ್ಟು ಅಕ್ಕಿ ರೊಟ್ಟಿಯೋ ಹಾಲು ಹಾಕದ ರಾಗಿ ಗಂಜಿಯೋ. ರಕ್ತ ಕಮ್ಮಿ ಅಂತ ಕೊಟ್ಟಿದ್ದ ಕಬ್ಬಿಣದ ಮಾತ್ರೆಯೂ ಇದರ ಜೊತೆಗೇ ಹೋಗುತ್ತಿತ್ತು. ಅದನ್ನೂ ಎರಡು ಮೂರು ಗಂಟೆ ದೂರ ಇಟ್ಟೆವು. ಡೋಸ್ ಏರಿಸದೆಯೇ ಬೆಳಗಿನ ಹೊತ್ತು ಕೈಗೆ ಬಂತು.

ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಬಗ್ಗೆ ಎಚ್ಚರ. ಒಮ್ಮೆ ಹತ್ತಿರದ ಕ್ಲಿನಿಕ್ಕಿನಲ್ಲಿ ಆ ಇಂಜೆಕ್ಷನ್ ಹಾಕಿದರು, ಅಪ್ಪ ಪೂರ್ತಿ ಸೆಟೆದುಕೊಂಡರು. ಈ ಕಾಯಿಲೆಗೆ ಅದು ಆಗಿಬರಲ್ಲ. ಈಗ ಆ ಹೆಸರು ಬರೆದ ಚೀಟಿ ಅಪ್ಪನ ಜೇಬಲ್ಲೇ ಇರುತ್ತೆ.

ನಸುಗುನ್ನಿ ಬೀಜದ ಪುಡಿ ತಂದುಕೊಟ್ಟವರೂ ಇದ್ದಾರೆ. ಅದರಲ್ಲೂ ಲೆವೊಡೋಪಾ ಇದೆ, ಸುಳ್ಳಲ್ಲ. ಆದರೆ ಒಂದು ಚಮಚಕ್ಕೆ ಎಷ್ಟು ಅಂತ ಯಾರಿಗೆ ಗೊತ್ತು? ಮಾತ್ರೆಯ ಮೇಲೆ ಅದೂ ಸೇರಿದರೆ ಮೈ ತಾನಾಗಿ ಹೊರಳಾಡಬಹುದು. ಡಾಕ್ಟರ್ ಬೇಡ ಎಂದರು, ಡಬ್ಬಿ ತೆರೆದಿಲ್ಲ.

ಕೋಲಿಗೆ ಲೇಸರ್ ಲೈಟು ಕಟ್ಟಿ ನೋಡಿದೆ, ಪಾಠ ಮಾಡುವವರು ಬೋರ್ಡಿಗೆ ಬಿಡುತ್ತಾರಲ್ಲ, ಅದು. ಮುಂದಿನ ಗಾಜು ಬದಲಿಸಿದೆ, ಚುಕ್ಕೆ ಹೋಗಿ ಗೆರೆ ಬಂತು. ಮನೆಯೊಳಗೆ ಚೆನ್ನಾಗಿತ್ತು, ಬಿಸಿಲಲ್ಲಿ ಏನೂ ಕಾಣಲಿಲ್ಲ. ಹೊರಗೆ ಹೋದಾಗ ತಾಳವೇ ವಾಸಿ. ಅಪ್ಪ ಭಜನೆಯವರು. ನಾನು ಚಿಟಿಕೆ ಹಾಕಿಕೊಂಡು ಪಕ್ಕದಲ್ಲಿ ಹಾಡಿದರೆ ಹೆಜ್ಜೆ ಬರುತ್ತೆ. ಯಾವ ಹಾಡು ಅಂತ ಕೇಳಬೇಡಿ, ನಿಮ್ಮವರದ್ದು ನೀವೇ ಹುಡುಕಬೇಕು. ತೀರಾ ನಿಧಾನದ್ದು ಬೇಡ, ಓಡಿಸುವಂಥದ್ದೂ ಬೇಡ.

ಸದ್ಯಕ್ಕೆ ನನಗೆ ಸೋಲು ಅಂದರೆ ಅಕ್ಕನ ಮನೆ. ಪೂರ್ತಿ ಕಪ್ಪು ಬಿಳಿ ಚೌಕದ ಟೈಲ್ಸು, ಟೇಪು ಅದರಲ್ಲಿ ಕಳೆದೇ ಹೋಗುತ್ತೆ. ಹಳದಿ ತಂದಿದ್ದೇನೆ. ಭಾವ ಇನ್ನೂ ಅಂಟಿಸಲು ಬಿಟ್ಟಿಲ್ಲ.