ವಾಲ್ವ್ ಹಾಕಿಸಿಕೊಂಡ ಮೇಲೆ ನಾನು ಇಟ್ಟ ನೋಟ್‌ಬುಕ್ಕು

ನನ್ನ ಹೃದಯದ ಆಪರೇಷನ್ ಆಗಿದ್ದು 2022ರ ನವೆಂಬರ್‌ನಲ್ಲಿ, ಬೆಂಗಳೂರಿನಲ್ಲಿ. ಆಗ ನನಗೆ 43 ವರ್ಷ. ಮಂಡ್ಯ ಜಿಲ್ಲೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಚಿಕ್ಕವಳಿದ್ದಾಗ ಗಂಟಲು ನೋವು ಬಂದು, ಅದರ ಹಿಂದೆಯೇ ಮಂಡಿ, ಮೊಣಕೈ ಊದಿಕೊಂಡು ಜ್ವರ ಬಂದಿತ್ತಂತೆ. ಅದು ರುಮ್ಯಾಟಿಕ್ ಜ್ವರ ಎಂದು ಆಗ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೀಲು ನೋವು ವಾಸಿಯಾಯಿತು. ಆದರೆ ಆ ಜ್ವರದ ಪೆಟ್ಟಿಗೆ ಮೈಟ್ರಲ್ ವಾಲ್ವ್, ಅಂದರೆ ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಕವಾಟ, ಒಳಗೊಳಗೇ ಗಟ್ಟಿಯಾಗುತ್ತಾ ಬಂತು. 29ನೇ ವಯಸ್ಸಿನಲ್ಲಿ ಬಲೂನ್ ಹಾಕಿ ಹಿಗ್ಗಿಸಿದ್ದರು. ಅದು ಮತ್ತೆ ಕಿರಿದಾದಾಗ ವಾಲ್ವನ್ನೇ ಬದಲಿಸಬೇಕಾಯಿತು.

ಆಪರೇಷನ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಆಮೇಲಿನ ತಿಂಗಳುಗಳ ಬಗ್ಗೆ ನನಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ವಾರಕ್ಕೊಂದು ಹೊಸ ತೊಂದರೆ ಬರುತ್ತಿತ್ತು. ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಆ ಹೊತ್ತಿನಲ್ಲೇ ಓಡಬೇಕು ಅನ್ನೋದು ಗೊತ್ತಾಗುತ್ತಿರಲಿಲ್ಲ. ಅದನ್ನು ನಾನು ಹೇಗೆ ಕಲಿತೆ ಎಂದು ಬರೆಯುತ್ತಿದ್ದೇನೆ.

ಮನೆಗೆ ಬಂದ ಮಾರನೇ ದಿನವೇ ಮಗನ ಒಂದು ಹಳೇ ನೋಟ್‌ಬುಕ್ ತೆಗೆದುಕೊಂಡೆ. ಎಡಗಡೆ ಪುಟದಲ್ಲಿ ದಿನಾಂಕ, ತಗೊಂಡ ಮಾತ್ರೆ, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ರಕ್ತ ಪರೀಕ್ಷೆಯ ಅಂಕಿ). ಬಲಗಡೆ ಬೆಳಗಿನ ತೂಕ, ನಾಡಿ, ಕಾಲು ಊತ ಇದೆಯೋ ಇಲ್ಲವೋ, ಮತ್ತೆ ಆ ದಿನ ಹೊಸದಾಗಿ ಏನು ಕಾಣಿಸಿತು. ತೂಕ ಯಾಕೆ ಅಂದರೆ, ಎರಡು ದಿನದಲ್ಲಿ ಎರಡು ಕಿಲೋ ಏರಿದರೆ ಮೈಯಲ್ಲಿ ನೀರು ಸೇರುತ್ತಿದೆ ಎಂದು ಅರ್ಥ, ಫೋನ್ ಮಾಡಿ ಎಂದು ಡಿಸ್ಚಾರ್ಜ್ ದಿನ ನರ್ಸ್ ಹೇಳಿದ್ದರು.

ಮೊದಲ ತಿಂಗಳ ಬಲಗಡೆ ಪುಟಗಳು ತುಂಬಿಹೋಗಿವೆ. ಎದೆಯ ಚರ್ಮ ಮರಗಟ್ಟಿದ ಹಾಗೆ. ಉಸಿರಿನ ಕೊಳವೆ ಹಾಕಿದ್ದರಿಂದ ಗಂಟಲು ಕಟ್ಟಿ, ದನಿ ಒಡಕು. ಮಗ್ಗುಲಾದರೆ ಎದೆ ಮೂಳೆ ಕಟಕ್ ಅನ್ನೋದು. ಭುಜ, ಬೆನ್ನು ನೋವು. ಇವೆಲ್ಲ ತಾವಾಗೇ ಕಡಿಮೆಯಾದವು. ಎದೆ ಮೂಳೆ ಕೂಡಿಕೊಳ್ಳಲು ಎರಡು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ನೀರಿನ ಬಿಂದಿಗೆ ಎತ್ತಲಿಲ್ಲ, ಸ್ಕೂಟರ್ ಮುಟ್ಟಲಿಲ್ಲ. ಕೆಮ್ಮು ಬಂದರೆ ದಿಂಬು ಎದೆಗೆ ಅವಚಿ ಹಿಡಿದು ಕೆಮ್ಮುತ್ತಿದ್ದೆ.

ಸದ್ದಿನ ವಿಷಯ ಹೇಳಬೇಕು. ನನಗೆ ಹಾಕಿದ್ದು ಚಿತ್ರಾ ವಾಲ್ವ್. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ರೂಪಿಸಿದ್ದು. 1990ರಲ್ಲಿ ಮೊದಲ ಸಲ ರೋಗಿಯೊಬ್ಬರಿಗೆ ಹಾಕಿದರು. ಅದರ ಹಿಂದಿದ್ದ ಡಾ. ಎಂ.ಎಸ್. ವಲಿಯತ್ತಾನ್ ಅವರು ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಈ ವಾಲ್ವಿನೊಳಗೆ ವಾಲುವ ತಟ್ಟೆ ಗಟ್ಟಿ ಪ್ಲಾಸ್ಟಿಕ್ಕಿನದು, ಹಾಗಾಗಿ ಸದ್ದು ಮೆತ್ತಗೆ. ಆದರೂ ರಾತ್ರಿ ಎಲ್ಲ ಮಲಗಿದ ಮೇಲೆ, ಎಡಮಗ್ಗುಲಾಗಿ ಮಲಗಿದರೆ, ದಿಂಬಿನಲ್ಲಿ ಟಕ್ ಟಕ್ ಎಂದು ಕೇಳಿಸುತ್ತಿತ್ತು. ಮೊದಲ ವಾರ ನಿದ್ದೆ ಬರಲಿಲ್ಲ. ಆಮೇಲೆ ಅದು ಕೇಳಿಸಿದರೇ ಸಮಾಧಾನ. ಆ ಸದ್ದು ಇದ್ದಕ್ಕಿದ್ದಂತೆ ಮಂಕಾದರೆ, ಜೊತೆಗೆ ಉಸಿರು ಕಟ್ಟಿದರೆ ವಾಲ್ವಿಗೆ ರಕ್ತ ಹೆಪ್ಪುಗಟ್ಟಿರಬಹುದು, ಒಂದು ಗಂಟೆಯೂ ತಡ ಮಾಡಬಾರದು ಎಂದು ಡಾಕ್ಟರ್ ಹೇಳಿದ್ದಾರೆ.

ನಿಜವಾಗಿ ಭಯ ಆಗಿದ್ದು ನಾಲ್ಕನೇ ವಾರ. ಸಂಜೆ ಮೈ ಬಿಸಿ, 101 ಡಿಗ್ರಿ. ಉಸಿರು ಎಳೆದರೆ ಎದೆ ಚುಚ್ಚಿದ ಹಾಗೆ. ಅಂಗಾತ ಮಲಗಿದರೆ ನೋವು ಜಾಸ್ತಿ, ಎದ್ದು ಮುಂದಕ್ಕೆ ಬಾಗಿ ಕೂತರೆ ಕಡಿಮೆ. ಮನೆಯವರು ಊರಿನ ಮೆಡಿಕಲ್‌ನಿಂದ ಆಂಟಿಬಯಾಟಿಕ್ ತರಲು ಹೊರಟಿದ್ದರು. ಹಿಂದೆ ಜ್ವರ ಬಂದಾಗೆಲ್ಲ ಹಾಗೇ ಮಾಡುತ್ತಿದ್ದೆವಲ್ಲ. ಯಾಕೋ ಒಂದು ಸಲ ಡಿಸ್ಚಾರ್ಜ್ ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿ ಕೇಳೋಣ ಅಂದೆ. ಆ ಕಡೆಯಿಂದ ಡ್ಯೂಟಿ ಡಾಕ್ಟರ್, "ಆಂಟಿಬಯಾಟಿಕ್ ಒಂದೂ ಕೊಡಬೇಡಿ, ಈಗಲೇ ಕರ್ಕೊಂಡು ಬನ್ನಿ" ಅಂದರು.

ಕಾರಣ ಆಮೇಲೆ ತಿಳಿಯಿತು. ಹೊಸ ವಾಲ್ವ್ ಇರುವವರಿಗೆ ಜ್ವರ ಬಂದರೆ ಮೊದಲ ಅನುಮಾನ ವಾಲ್ವಿಗೆ ಸೋಂಕು ತಗುಲಿದೆಯಾ ಅನ್ನೋದು. ಅದನ್ನು ಪತ್ತೆ ಮಾಡಲು ರಕ್ತ ತೆಗೆದು, ಅದರಲ್ಲಿ ರೋಗಾಣು ಬೆಳೆಯುತ್ತದಾ ಎಂದು ನೋಡುತ್ತಾರೆ. ಮೊದಲೇ ಒಂದೆರಡು ಮಾತ್ರೆ ನುಂಗಿದ್ದರೆ ರೋಗಾಣು ಅರ್ಧ ಸತ್ತು, ಪರೀಕ್ಷೆಯಲ್ಲಿ ಸಿಗದೆ ಹೋಗಬಹುದು. ಯಾವ ರೋಗಾಣು ಎಂದು ಗೊತ್ತಾಗದಿದ್ದರೆ ಚಿಕಿತ್ಸೆಯೇ ಕಷ್ಟ. ನನ್ನ ಅದೃಷ್ಟ, ರಕ್ತದಲ್ಲಿ ಏನೂ ಬೆಳೆಯಲಿಲ್ಲ. ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯದ ಸುತ್ತ ಸ್ವಲ್ಪ ನೀರು ಕಾಣಿಸಿತು. ಆಪರೇಷನ್‌ನಲ್ಲಿ ಹೃದಯದ ಹೊದಿಕೆಯನ್ನು ಬಿಡಿಸಿರುತ್ತಾರೆ, ಕೆಲವರಿಗೆ ಕೆಲವು ವಾರದ ನಂತರ ಆ ಹೊದಿಕೆ ಉರಿಯೂತಕ್ಕೆ ಬರುತ್ತದಂತೆ. ಮಾತ್ರೆಯಲ್ಲೇ ವಾಸಿಯಾಯಿತು. ಅವತ್ತು ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದೆ: ಜ್ವರ ಬಂದರೆ ಮೊದಲು ಫೋನ್, ಆಮೇಲೆ ಮಾತ್ರೆ.

ಇನ್ನು ಐಎನ್‌ಆರ್. ನನ್ನಂಥ ಮೆಕ್ಯಾನಿಕಲ್ ವಾಲ್ವ್ ಇರುವವರು ರಕ್ತ ಹೆಪ್ಪುಗಟ್ಟದ ಹಾಗೆ ಬದುಕಿರುವ ತನಕ ಮಾತ್ರೆ ತಗೋಬೇಕು. ನನಗೆ ಕೊಟ್ಟಿರುವುದು ಅಸಿಟ್ರಾಮ್. ಮೈಟ್ರಲ್ ವಾಲ್ವ್ ಆದ್ದರಿಂದ ನನ್ನ ಐಎನ್‌ಆರ್ 2.5ರಿಂದ 3.5ರ ಒಳಗೆ ಇರಬೇಕು. ಕಡಿಮೆಯಾದರೆ ಹೆಪ್ಪು, ಜಾಸ್ತಿಯಾದರೆ ರಕ್ತಸ್ರಾವ. ಸಂಜೆ ಆರು ಗಂಟೆಗೆ ದೇವರಿಗೆ ದೀಪ ಹಚ್ಚಿದ ತಕ್ಷಣ ನುಂಗುತ್ತೇನೆ, ಆಗ ಮರೆಯುವುದಿಲ್ಲ. ಮರೆತರೂ ಮಾರನೇ ದಿನ ಎರಡು ನುಂಗಬಾರದು.

ಊಟದ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದೆ. ಸೊಪ್ಪಿನಲ್ಲಿ ವಿಟಮಿನ್ ಕೆ ಇರುತ್ತೆ, ಅದು ಮಾತ್ರೆಯ ಕೆಲಸ ಕೆಡಿಸುತ್ತೆ ಅಂತ ಕೇಳಿ ಸೊಪ್ಪನ್ನೇ ಬಿಟ್ಟುಬಿಟ್ಟೆ. ನಮ್ಮ ಕಡೆ ಬಸ್ಸಾರು ಇಲ್ಲದ ಊಟ ಊಟವೇ? ಮುದ್ದೆಗೆ ಬರೀ ಬೇಳೆ ಸಾರು. ಮೂರು ವಾರ ಕಳೆದಾಗ ಐಎನ್‌ಆರ್ 4.2. ಮನೆಗೆ ನೆಂಟರು ಬಂದ ವಾರ ಅತ್ತೆ ನುಗ್ಗೆ ಸೊಪ್ಪಿನ ಬಸ್ಸಾರು, ಪಲ್ಯ ಎರಡೂ ಮಾಡಿದರು. ಆಸೆಗೆ ಎರಡು ದಿನ ಚೆನ್ನಾಗಿ ತಿಂದೆ. ಮುಂದಿನ ಪರೀಕ್ಷೆಯಲ್ಲಿ 1.9. ಡಾಕ್ಟರ್ ನೋಟ್‌ಬುಕ್ ತಿರುವಿ ನೋಡಿದವರೇ, "ಸೊಪ್ಪು ಬಿಡಿ ಅಂದವರು ಯಾರಮ್ಮ? ತಿನ್ನಿ. ಆದರೆ ಪ್ರತಿ ವಾರ ಒಂದೇ ಅಳತೆ ತಿನ್ನಿ. ನಿಮ್ಮ ಊಟಕ್ಕೆ ತಕ್ಕಂತೆ ಮಾತ್ರೆ ಹೊಂದಿಸ್ತೀನಿ" ಅಂದರು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು, "ಅಷ್ಟೇ ತಾನೇ? ನನ್ನ ಕೈಲಿ ಒಂದು ಹಿಡಿ ಅಂದ್ರೆ ಒಂದು ಹಿಡಿ ಕಣವ್ವ, ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ" ಅಂದರು. ಅವತ್ತಿನಿಂದ ಮಂಗಳವಾರ, ಶುಕ್ರವಾರ ಸೊಪ್ಪಿನ ದಿನ. ನನ್ನ ಪಾಲಿಗೆ ಅತ್ತೆಯ ಕೈಯ ಒಂದು ಹಿಡಿ ಬೇಯಿಸಿದ ಸೊಪ್ಪು. ದಂಟು, ಹರಿವೆ, ಯಾವುದಾದರೂ ಸರಿ. ಎರಡು ತಿಂಗಳಲ್ಲಿ ಐಎನ್‌ಆರ್ ಒಂದು ಹದಕ್ಕೆ ಬಂತು.

ಸಂಕ್ರಾಂತಿಗೆ ಕಬ್ಬು ಕಚ್ಚಿ ವಸಡಿನಲ್ಲಿ ರಕ್ತ ಬಂತು. ಒತ್ತಿ ಹಿಡಿದಾಗ ನಿಂತಿತು. ಅದು ಚಿಕ್ಕದು. ದೊಡ್ಡದು ಫೆಬ್ರವರಿಯಲ್ಲಿ. ಒಂದು ತಿಥಿ ಊಟದ ನಂತರ ಭೇದಿ ಶುರುವಾಯಿತು. ಮೆಡಿಕಲ್‌ನಲ್ಲಿ ಮೆಟ್ರೋನಿಡಜೋಲ್ ಕೊಟ್ಟರು. ಹೃದಯದ ಮಾತ್ರೆ ತಗೋತೀನಿ ಎಂದು ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಐದನೇ ದಿನ ಹಲ್ಲುಜ್ಜುವಾಗ ಬಾಯಿ ತುಂಬಾ ರಕ್ತ. ತೊಡೆಯ ಮೇಲೆ ಅಂಗೈಯಗಲ ನೀಲಿ ಕಲೆ, ಏಟು ಬಿದ್ದ ನೆನಪೇ ಇಲ್ಲ. ಐಎನ್‌ಆರ್ 7.1. ಆಸ್ಪತ್ರೆಗೆ ಸೇರಿಸಿಕೊಂಡು, ಅಸಿಟ್ರಾಮ್ ನಿಲ್ಲಿಸಿ, ದಿನಾ ರಕ್ತ ಪರೀಕ್ಷೆ ಮಾಡಿ ಕೆಳಗಿಳಿಸಿದರು. ಭೇದಿ ನಿಲ್ಲಲಿ ಎಂದು ಕೊಟ್ಟ ಆ ಮಾತ್ರೆ ಅಸಿಟ್ರಾಮ್ ಮೈಯಿಂದ ಹೊರಹೋಗದ ಹಾಗೆ ತಡೆಯುತ್ತದೆ, ಹಾಗಾಗಿ ಒಂದು ಮಾತ್ರೆ ಎರಡರಷ್ಟು ಕೆಲಸ ಮಾಡಿಬಿಡುತ್ತದೆ. ಭೇದಿಯಾಗಿ ಊಟ ಬಿಟ್ಟಿದ್ದೂ ಸೇರಿಕೊಂಡಿತ್ತು. ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ನೋವಿನ ಮಾತ್ರೆಗಳೂ ನನಗೆ ಅಪಾಯ. ತಲೆನೋವಿಗೆ ಪ್ಯಾರಾಸಿಟಮಾಲ್, ಅದೂ ಮಿತಿಯಲ್ಲಿ. ಈಗ ಪರ್ಸಿನಲ್ಲಿ ಒಂದು ಚೀಟಿ ಇದೆ. ಒಂದು ಕಡೆ ವಾಲ್ವಿನ ಹೆಸರು, ಇನ್ನೊಂದು ಕಡೆ "ಅಸಿಟ್ರಾಮ್ ತಗೋತಿದ್ದೀನಿ, ಸೊಂಟಕ್ಕೆ ಇಂಜೆಕ್ಷನ್ ಬೇಡ". ಮಾಂಸಖಂಡಕ್ಕೆ ಚುಚ್ಚಿದರೆ ಒಳಗೇ ರಕ್ತ ಕಟ್ಟಿಕೊಳ್ಳಬಹುದು. ರುಮ್ಯಾಟಿಕ್ ಜ್ವರ ಮರುಕಳಿಸದಿರಲಿ ಎಂದು ಮೂರು ವಾರಕ್ಕೊಮ್ಮೆ ತಗೋತಿದ್ದ ಪೆನಿಸಿಲಿನ್ ಇಂಜೆಕ್ಷನ್ನನ್ನೂ ಡಾಕ್ಟರ್ ಮಾತ್ರೆಗೆ ಬದಲಿಸಿದರು.

ಹೆಂಗಸರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆಪರೇಷನ್ ಆದ ಮೇಲೆ ನನ್ನ ಮುಟ್ಟು ಮೊದಲಿನ ಹಾಗೆ ಇರಲಿಲ್ಲ. ಒಂಬತ್ತು ದಿನ, ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕು, ಗಡ್ಡೆ ಗಡ್ಡೆ ರಕ್ತ. ಗಂಡಸು ಡಾಕ್ಟರ್ ಮುಂದೆ ಹೇಗೆ ಹೇಳೋದು ಎಂದು ಮೂರು ತಿಂಗಳು ಸುಮ್ನಿದ್ದೆ. ಮೆಟ್ಟಿಲು ಹತ್ತಿದರೆ ಏದುಸಿರು ಶುರುವಾಯಿತು. ವಾಲ್ವ್ ಕೆಟ್ಟಿತು ಅಂತಲೇ ನಾನು ತಿಳಿದೆ. ಎಕೋ ಮಾಡಿದರೆ ವಾಲ್ವ್ ಚೆನ್ನಾಗಿದೆ, ಹಿಮೋಗ್ಲೋಬಿನ್ ಮಾತ್ರ 7.8! ಡಾಕ್ಟರಿಗೆ ನೋಟ್‌ಬುಕ್ಕನ್ನೇ ಮುಂದಿಟ್ಟೆ, ಬಾಯಲ್ಲಿ ಹೇಳುವ ಕಷ್ಟ ತಪ್ಪಿತು. ಅವರು ನನ್ನ ಮುಂದೆಯೇ ಹೆಂಗಸರ ಡಾಕ್ಟರ್ ಜೊತೆ ಫೋನಿನಲ್ಲಿ ಮಾತಾಡಿದರು. ರಕ್ತ ನಿಲ್ಲಿಸುವ ಮಾತ್ರೆಗಳನ್ನು ನನ್ನಂಥವರಿಗೆ ಸುಮ್ಮನೆ ಕೊಡುವ ಹಾಗಿಲ್ಲ, ವಾಲ್ವಿನಲ್ಲಿ ಹೆಪ್ಪುಗಟ್ಟುವ ಭಯ. ಕೊನೆಗೆ ಹಾರ್ಮೋನ್ ಇರುವ ಒಂದು ಸಣ್ಣ ಸಾಧನವನ್ನು ಗರ್ಭಕೋಶದಲ್ಲಿ ಇಟ್ಟರು, ಕಬ್ಬಿಣದ ಮಾತ್ರೆ ಕೊಟ್ಟರು. ನಾಲ್ಕು ತಿಂಗಳಲ್ಲಿ ಹಿಮೋಗ್ಲೋಬಿನ್ 11 ದಾಟಿತು. ಏದುಸಿರೂ ಹೋಯಿತು. ಮೂರು ತಿಂಗಳು ಸುಮ್ನಿದ್ದೆನಲ್ಲ, ಅದಕ್ಕೆ ಈಗಲೂ ಸಂಕಟವಾಗುತ್ತದೆ.

ಮನಸ್ಸಿನ ವಿಷಯ. ಜನವರಿಯಲ್ಲಿ ಕಾರಣವೇ ಇಲ್ಲದೆ ಅಳು ಬರುತ್ತಿತ್ತು. ಟಿವಿಯಲ್ಲಿ ಜಾಹೀರಾತು ನೋಡಿದರೂ ಕಣ್ಣೀರು. ಶಾಲೆಗೆ ಮರಳಿದ ಮೊದಲ ದಿನ ಹಾಜರಿ ಪುಸ್ತಕ ಹಿಡಿದು ನಿಂತಾಗ ನನ್ನದೇ ತರಗತಿಯ ಮಕ್ಕಳ ಹೆಸರು ನೆನಪಾಗಲಿಲ್ಲ. ಇನ್ನು ನಾನು ಪಾಠ ಮಾಡಲಾರೆ ಅನ್ನಿಸಿಬಿಟ್ಟಿತು. ಡಾಕ್ಟರ್ ಹೇಳಿದರು, ದೊಡ್ಡ ಹೃದಯದ ಆಪರೇಷನ್ ನಂತರ ಇದು ಬಹಳ ಜನಕ್ಕೆ ಆಗುತ್ತೆ, ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಿಳಿಯಾಗುತ್ತೆ, ಆಗದಿದ್ದರೆ ಮನೋವೈದ್ಯರನ್ನು ನೋಡೋಣ. ಹಾಗೆ ಹೇಳಿದ್ದೇ ದೊಡ್ಡ ಧೈರ್ಯ. ನನಗೆ ಜಾಸ್ತಿ ನೆರವಾಗಿದ್ದು ವಾರ್ಡಿನಲ್ಲಿ ಪಕ್ಕದ ಹಾಸಿಗೆಯಲ್ಲಿದ್ದ ಚಿಂತಾಮಣಿಯ ಒಬ್ಬ ಅಕ್ಕ. ಅವರಿಗೂ ಅದೇ ವಾರ ವಾಲ್ವ್ ಹಾಕಿದ್ದರು. ದಿನಾ ರಾತ್ರಿ ಎಂಟೂವರೆಗೆ ಫೋನ್. "ನಿನಗೂ ಹಿಂಗೇ ಆಗ್ತದಾ?" ಅಂತ ಅವರು ಕೇಳುತ್ತಿದ್ದರು, ನಾನೂ ಅದನ್ನೇ ಕೇಳುತ್ತಿದ್ದೆ.

ಹಲ್ಲಿನ ಬಗ್ಗೆಯೂ ಎಚ್ಚರ ಬೇಕು. ಬಾಯಲ್ಲಿರುವ ರೋಗಾಣು ರಕ್ತಕ್ಕೆ ಸೇರಿ ವಾಲ್ವಿನಲ್ಲಿ ಕೂರಬಹುದು. ಹಲ್ಲು ಕೀಳಿಸುವ ಮೊದಲು ಯಾವ ಆಂಟಿಬಯಾಟಿಕ್ ಎಂದು ಹೃದಯದ ಡಾಕ್ಟರೇ ಬರೆದುಕೊಟ್ಟರು. ಹಲ್ಲಿನ ಡಾಕ್ಟರ್ ಅಸಿಟ್ರಾಮ್ ಐದು ದಿನ ನಿಲ್ಲಿಸಿ ಅಂದಾಗ ನಾನು ಒಪ್ಪಲಿಲ್ಲ. ಇಬ್ಬರು ಡಾಕ್ಟರೂ ಮಾತಾಡಿಕೊಂಡ ಮೇಲೆ ಒಂದು ದಿನವೂ ನಿಲ್ಲಿಸದೆಯೇ ಕಿತ್ತರು. ಹತ್ತಿ ಒತ್ತಿ ಹಿಡಿದು ಅರ್ಧ ಗಂಟೆ ಕೂತಿದ್ದೆ, ರಕ್ತ ನಿಂತಿತು.

ಕಳೆದ ತಿಂಗಳು ಚಿಂತಾಮಣಿ ಅಕ್ಕ ಮಧ್ಯಾಹ್ನವೇ ಫೋನ್ ಮಾಡಿದರು. ಎರಡು ದಿನದಿಂದ ಸಂಜೆ ಹೊತ್ತು ಚಳಿಜ್ವರ, ಮೈ ಬೆವರು. ಮಗ ಮಾತ್ರೆ ತಂದಿದ್ದಾನೆ, ನುಂಗಲಾ ಎಂದು ಕೇಳಿದರು. ಬೇಡ ಅಕ್ಕ, ಮೊದಲು ಪರೀಕ್ಷೆಗೆ ರಕ್ತ ಕೊಟ್ಟು ಬನ್ನಿ, ನಿಮ್ಮ ಚೀಟಿಯಲ್ಲಿ ಆಸ್ಪತ್ರೆ ನಂಬರ್ ಇದೆ, ನನ್ನ ಫೋನ್ ಇಟ್ಟು ಈಗಲೇ ಅವರಿಗೆ ಮಾಡಿ ಅಂದೆ. ಅರ್ಧ ಗಂಟೆಗೆ ಮತ್ತೆ ಅವರದೇ ಫೋನ್. ಬಸ್ಸಿನ ಸದ್ದು ಕೇಳಿಸುತ್ತಿತ್ತು. "ಹೊಸಕೋಟೆ ಕಡೆ ಹೊರಟಿದ್ದೀವಿ ಕಣಮ್ಮ, ಮಾತ್ರೆ ಹಾಗೇ ಮನೇಲಿ ಬಿಟ್ಟು ಬಂದೆ" ಅಂದರು.