ಅಡಿಕೆ ಚೊಗರಿನ ಕಾರ್ಡುಗಳು: ನನ್ನ ಅನುಭವ

ಹಸಿ ಅಡಿಕೆ ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕಂದು ರಸವಾದ ಅಡಿಕೆ ಚೊಗರನ್ನೇ ಶಾಯಿಯಾಗಿ ಬಳಸಿ ಆಹ್ವಾನ ಪತ್ರಗಳ ಹಿನ್ನೆಲೆ ಮಾಡುತ್ತೇನೆ ಎಂದಾಗ, ಕಾರ್ಡು ಮಾಡುವ ಗೆಳತಿಯರೂ ಮುದ್ರಣಾಲಯದವರೂ ಮೂರು ಆಕ್ಷೇಪಗಳನ್ನು ಎತ್ತಿದ್ದರು: ಬಣ್ಣ ಕೈಗೆ ಹತ್ತುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಕಪ್ಪು ಬರಿಸುವ ಕಬ್ಬಿಣದ ಲವಣವಾದ ಅನ್ನಭೇದಿ ಸೇರಿಸಿದರೆ ಕಾಗದವೇ ಪುಡಿಯಾಗುತ್ತದೆ. ಮೂರೂ ನಿಜವಾದ ಅಪಾಯಗಳೇ. ಆದರೂ ಕಳೆದ ಮದುವೆ ಹಂಗಾಮಿನಲ್ಲಿ ನಾನು ಮಾಡಿಕೊಟ್ಟ ಆರೇಳು ನೂರು ಪತ್ರಗಳಲ್ಲಿ ಒಂದೂ ಹಿಂದಕ್ಕೆ ಬರಲಿಲ್ಲವಾದ್ದರಿಂದ, ವಿಧಾನವನ್ನು ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇದಕ್ಕೆ ಮೊದಲು ಎರಡು ವರ್ಷ ಆಲ್ಕೋಹಾಲ್ ಇಂಕ್ ಬಳಸಿದೆ. ಸಣ್ಣ ಬಾಟಲಿಗೇ ಸುಮಾರು 300 ರೂಪಾಯಿ, ಅದಕ್ಕೆ ತಕ್ಕ ನೀರು ಹೀರದ ಕಾಗದದ ಬೆಲೆ ಬೇರೆ. ಒಂದು ಕಾರ್ಡಿಗೆ ಸಾಮಗ್ರಿಯ ಖರ್ಚೇ 40 ರೂಪಾಯಿ ದಾಟುತ್ತಿತ್ತು. ನೋಡಲು ಚೆಂದವಿದ್ದರೂ ಎಲ್ಲರ ಕಾರ್ಡುಗಳೂ ಒಂದೇ ಥರ ಕಾಣುತ್ತಿದ್ದವು.

ನಮ್ಮ ಸಾಗರದ ಕಡೆ ಹಸಿ ಅಡಿಕೆಯನ್ನು ಸುಲಿದು ಹಂಡೆಯಲ್ಲಿ ಬೇಯಿಸುವ ಮನೆಗಳಲ್ಲಿ ಚೊಗರಿಗೆ ಬರವಿಲ್ಲ. ಹೆಗ್ಗೋಡಿನ ಚರಕ ಎಂಬ ಕೈಮಗ್ಗದ ಸಂಸ್ಥೆಯವರು ಅಡಿಕೆಯ ಬಣ್ಣವನ್ನು ಹತ್ತಿ ಬಟ್ಟೆಗೆ ಹಾಕುತ್ತ ಬಂದಿದ್ದಾರೆ. ಹತ್ತಿ ಬಟ್ಟೆಗೆ ಹಿಡಿಯುವ ಬಣ್ಣ ಹತ್ತಿಯ ಚಿಂದಿಯಿಂದ ತಯಾರಾದ ಕಾಗದಕ್ಕೂ ಹಿಡಿಯಲೇಬೇಕು ಎಂಬುದೇ ನನ್ನ ಲೆಕ್ಕವಾಗಿತ್ತು. ಅಂಗಡಿಯ ನುಣುಪು ಐವರಿ ಕಾರ್ಡಿನ ಮೇಲೆ ಚೊಗರು ಒಳಗಿಳಿಯದೆ ಪದರವಾಗಿ ಕೂತು, ಒಣಗಿದ ಮೇಲೆ ಹಕ್ಕಳೆಯಾಗಿ ಉದುರುತ್ತದೆ. ಕೈಗೆ ಹತ್ತುತ್ತದೆ ಎಂಬ ದೂರು ಹುಟ್ಟಿದ್ದು ಅಲ್ಲಿಂದಲೇ. ಹತ್ತಿ ಕಾಗದದ ಮೇಲೂ ಗಟ್ಟಿ ಚೊಗರು ಮಡಿಕೆಯ ಜಾಗದಲ್ಲಿ ಬಿರುಕು ಬಿಡುವುದುಂಟು. ಒಂದು ಲೋಟ ಚೊಗರಿಗೆ ಐದಾರು ಲೋಟ ನೀರು ಬೆರೆಸಿ, ಹಳೆಯ ಪಂಚೆಯಲ್ಲಿ ಎರಡು ಸಲ ಸೋಸಿ, ಕಾಗದಕ್ಕೆ ಮೊದಲೇ ಮಡಿಕೆಯ ಗೀರು ಹಾಕಿ, ತೆಳುವಾಗಿ ಮೂರು ಬಾರಿ ಬಳಿದರೆ ಆ ತೊಂದರೆ ಇಲ್ಲ.

ಬೂಷ್ಟಿನಿಂದ ಆದ ನಷ್ಟವೇ ದೊಡ್ಡದು. ಒಂದು ಶ್ರಾವಣದಲ್ಲಿ ಒಪ್ಪಿಕೊಂಡ ಗೃಹಪ್ರವೇಶದ ಕಾರ್ಡುಗಳು ಕಟ್ಟಿಟ್ಟಲ್ಲಿಯೇ ಒಂದಕ್ಕೊಂದು ಅಂಟಿ ಬೆಳ್ಳಗಾದವು. ಕಾಗದ, ಲಕೋಟೆ, ಮುಂಗಡ ವಾಪಸು ಎಲ್ಲ ಸೇರಿ ಏಳೆಂಟು ಸಾವಿರ ಹೋಯಿತು. ಆಮೇಲೆ ಸೋಸಿದ ಚೊಗರನ್ನು ಮತ್ತೊಮ್ಮೆ ಕುದಿಸಿ, ಲೀಟರಿಗೆ ಕೆಲವು ಹನಿ ಲವಂಗದೆಣ್ಣೆ ಹಾಕತೊಡಗಿದೆ. ಹಿನ್ನೆಲೆಯ ಕೆಲಸವನ್ನೆಲ್ಲ ಬೇಸಿಗೆಯಲ್ಲಿಯೇ ಮುಗಿಸಿಟ್ಟು, ಮಳೆಗಾಲದಲ್ಲಿ ಮುದ್ರಣ ಮಾತ್ರ ಮಾಡಿಸುತ್ತೇನೆ.

ನಿಜವಾದ ಸೊಗಸು ಇರುವುದು ಅನ್ನಭೇದಿ ಮತ್ತು ಸುಣ್ಣದಲ್ಲಿ. ಹಸಿಯಿರುವ ಚೊಗರಿನ ಮೇಲೆ ಅನ್ನಭೇದಿಯ ನೀರನ್ನು ಚಿಮುಕಿಸಿದರೆ ಬಿದ್ದಲ್ಲೆಲ್ಲ ಹಸುರು ಬೆರೆತ ಕಪ್ಪು ಹರಡುತ್ತದೆ. ಗಾಳಿ ತಾಗುತ್ತ ಹೋದಂತೆ ಅದು ಇನ್ನೂ ಕಪ್ಪಾಗುವುದರಿಂದ, ಮರುದಿನದವರೆಗೆ ಕಾಯದೆ ಬಣ್ಣದ ಬಗ್ಗೆ ತೀರ್ಮಾನಿಸಬಾರದು. ಲೀಟರ್ ನೀರಿಗೆ ಒಂದು ಚಹಾ ಚಮಚಕ್ಕಿಂತ ಹೆಚ್ಚು ಅನ್ನಭೇದಿ ಬೇಡ, ಮತ್ತು ಅಂದಂದೇ ಕರಗಿಸಿಕೊಳ್ಳಬೇಕು. ಎಲೆಗೆ ಹಚ್ಚುವ ಸುಣ್ಣವನ್ನು ಕದಡಿ ಮೇಲಿನ ತಿಳಿಯನ್ನು ಸಿಂಪಡಿಸಿದರೆ, ತಾಂಬೂಲ ಕೆಂಪಾಗುವ ಕಾರಣದಿಂದಲೇ ಇಲ್ಲಿಯೂ ಒಳ್ಳೆಯ ಕೆಂಪು ಏಳುತ್ತದೆ. ಇದೇ ಸುಣ್ಣ ಅನ್ನಭೇದಿಯ ಹುಳಿಯನ್ನು ಮುರಿದು ಕಾಗದವನ್ನೂ ಕಾಯುತ್ತದೆ. ಐದಾರು ವರ್ಷದ ಹಿಂದಿನ ನನ್ನ ಮಾದರಿಗಳು ಇಂದಿಗೂ ಮಡಚಿದರೆ ಹರಿಯುವುದಿಲ್ಲ. ಎರಡೂ ನೀರುಗಳ ನಡುವೆ ಎಷ್ಟು ಹೊತ್ತು ಬಿಡಬೇಕು, ಕಾಗದವನ್ನು ಯಾವ ಕಡೆಗೆ ವಾಲಿಸಬೇಕು ಎಂಬುದು ನನ್ನ ಕಾರ್ಡುಗಳ ಗುರುತು. ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ.

ಅನ್ನಭೇದಿಯ ಕಪ್ಪಿನ ಮೇಲೆ ಕಡ್ಡಿಯಿಂದ ನಿಂಬೆರಸ ಇಟ್ಟರೆ ಆ ಜಾಗ ತಿಳಿಯಾಗಿ ಚುಕ್ಕಿ, ಬಳ್ಳಿ ಬಿಡಿಸಲು ಬರುತ್ತದೆ. ಬಳಿಕ ಒದ್ದೆ ಸ್ಪಂಜಿನಿಂದ ಹುಳಿಯನ್ನು ಒತ್ತಿ ತೆಗೆಯಬೇಕು. ಗ್ರಂಥಿಗೆ ಅಂಗಡಿಯ ಅಳಲೆಕಾಯಿಯನ್ನು ಕುದಿಸಿ ಇದೇ ಪ್ರಯೋಗ ಮಾಡಿದಾಗ ಹಸುರಿನ ಬದಲು ನೀಲಿಯತ್ತ ಹೊರಳುವ ಕಪ್ಪು ಸಿಕ್ಕಿತು. ರಾತ್ರಿಯ ಆಕಾಶ ಬೇಕೆನ್ನುವವರಿಗೆ ಅದೇ ಸರಿ. ಅರಿಶಿನಕ್ಕೆ ಸುಣ್ಣ ಹಾಕಿದ ಕೆಂಪು ಕಣ್ಣು ಕುಕ್ಕುವಂತಿತ್ತಾದರೂ ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲದು. ಕಿಟಕಿಯ ಬಳಿ ಇಟ್ಟ ಮಾದರಿ ಕೆಲವೇ ವಾರಗಳಲ್ಲಿ ಬಿಳಿಚಿಕೊಂಡಿದ್ದರಿಂದ ಅದನ್ನು ಕೈಬಿಟ್ಟೆ. ಕಲ್ಲುಪ್ಪು ಜಲವರ್ಣದ ಮೇಲೆ ಮೂಡಿಸುವ ನಕ್ಷತ್ರಗಳನ್ನು ಚೊಗರಿನ ಮೇಲೆ ಮೂಡಿಸಲಿಲ್ಲ.

ಆಫ್‌ಸೆಟ್ ಮುದ್ರಣಕ್ಕೆ ಈ ಕಾಗದವನ್ನು ಯಾರೂ ಒಪ್ಪಲಿಲ್ಲ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಬಿಳಿ ಅಥವಾ ಬಂಗಾರದ ಬಣ್ಣ ಹಾಕಿಸಿದೆ, ಅಕ್ಷರಗಳು ಎದ್ದು ಕಂಡವು. 22×30 ಇಂಚಿನ ಹಾಳೆಯೊಂದಕ್ಕೆ 80 ರೂಪಾಯಿಯಷ್ಟು ಬೀಳುತ್ತದೆ, ಅದರಲ್ಲಿ ಐದು-ಏಳು ಇಂಚಿನ ಒಂಬತ್ತು ಮಡಿಕೆ ಕಾರ್ಡುಗಳು ಬರುತ್ತವೆ. ಲಕೋಟೆ ಸೇರಿ 20 ರೂಪಾಯಿಯೊಳಗೆ, ಮುದ್ರಣ ಸೇರಿ 30ರ ಆಸುಪಾಸಿಗೆ ಒಂದು ಕಾರ್ಡು ಮುಗಿಯುತ್ತದೆ. ನೂರರ ಲೆಕ್ಕದಲ್ಲಿ 70ಕ್ಕೂ ಬಿಡಿಯಾಗಿ 120ಕ್ಕೂ ಕೊಡುತ್ತೇನೆ. ಮೊದಲು ಬೇಡವೆಂದಿದ್ದ ಗೆಳತಿಯರಲ್ಲಿ ಇಬ್ಬರು ಈಗ ಹಿನ್ನೆಲೆಯ ಹಾಳೆಗಳನ್ನು ನನ್ನಿಂದಲೇ ಕೊಳ್ಳುತ್ತಿದ್ದಾರೆ.