ಬಿಸ್ಕೆಟ್ ಡಬ್ಬಿ ಮುಚ್ಚಳ, ಫ್ರಿಡ್ಜ್ ರಬ್ಬರ್ ಮತ್ತು ನನ್ನ ನವಿಲು

ನಾನು ಬಟ್ಟೆ ಮೇಲೆ ಹೊಲಿಯುತ್ತಿದ್ದ ನವಿಲಿನ ಕುತ್ತಿಗೆ ಹತ್ತಿರ ಒಂದು ಚೌಕ ತಪ್ಪಿತ್ತು. ಗೊತ್ತಾಗುವ ಹೊತ್ತಿಗೆ ಹನ್ನೊಂದು ಸಾಲು ಮುಂದೆ ಹೋಗಿದ್ದೆ. ಮಧ್ಯೆ ಒಂದು ಫೋನ್ ಬಂದಿತ್ತು. ಮಾತಾಡಿ ಬಂದು ಕೂತವಳು ಚಾರ್ಟ್‌ನಲ್ಲಿ (ಯಾವ ಚೌಕಕ್ಕೆ ಯಾವ ಬಣ್ಣ ಅಂತ ಚಿಹ್ನೆಗಳಲ್ಲಿ ತೋರಿಸುವ ನಕ್ಷೆ) ಎಲ್ಲಿದ್ದೆ ಅಂತ ಅಂದಾಜಿನ ಮೇಲೆ ಶುರು ಮಾಡಿದೆ, ಅಷ್ಟೇ. ಬಿಚ್ಚುವುದಕ್ಕೆ ಎರಡು ಸಂಜೆ ಹಿಡಿಯಿತು.

ಅದು 140 ಚೌಕ ಅಗಲದ ಕ್ರಾಸ್ ಸ್ಟಿಚ್, ಅಂದರೆ ಒಂದೊಂದು ಚೌಕಕ್ಕೂ X ಆಕಾರದ ಹೊಲಿಗೆ. 14 ಕೌಂಟ್ ಐಡಾ ಬಟ್ಟೆ, ಅಂದರೆ ಇಂಚಿಗೆ 14 ಚೌಕ. ಚಾರ್ಟ್‌ನಲ್ಲಿ ಹತ್ತು ಚೌಕಕ್ಕೊಂದು ದಪ್ಪ ಗೆರೆ ಇರುತ್ತದೆ, ಬಟ್ಟೆಯಲ್ಲಿ ಇರುವುದಿಲ್ಲ. ಕಣ್ಣು ಇಲ್ಲಿಂದ ಅಲ್ಲಿಗೆ ಹೋಗಿ ಬರುವಾಗಲೇ ಎಣಿಕೆ ಜಾರುವುದು.

ಚಾರ್ಟ್‌ನಲ್ಲಿ ಎಲ್ಲಿದ್ದೇನೆ ಅಂತ ಗುರುತಿಗೆ ಮೊದಲು ಅಂಟು ಚೀಟಿ ಹಚ್ಚಿ ನೋಡಿದೆ. ಫ್ಯಾನ್ ಗಾಳಿಗೆ ಎರಡೇ ದಿನದಲ್ಲಿ ಕಿತ್ತುಕೊಂಡು ಹೋಯಿತು. ಪೆನ್ಸಿಲ್‌ನಲ್ಲಿ ಹೊಡೆದು ಹಾಕುತ್ತಾ ಹೋದರೆ ಕೆಳಗಿನ ಚಿಹ್ನೆ ಮುಚ್ಚಿಹೋಗುತ್ತದೆ, ಆಮೇಲೆ ತಪ್ಪು ಹುಡುಕುವುದು ಕಷ್ಟ. ಈಗ ಚಾರ್ಟ್‌ನ ಜೆರಾಕ್ಸ್ ಮೇಲೆ ತಿಳಿ ಹಳದಿ ಹೈಲೈಟರ್ ಮಾತ್ರ ಎಳೆಯುತ್ತೇನೆ.

ಸಾಲಿನ ಗುರುತಿಗೆ ಅಯಸ್ಕಾಂತದ ಹಲಗೆ ಇಟ್ಟುಕೊಂಡೆ. ಹಲಗೆ ಮೇಲೆ ಚಾರ್ಟ್ ಇಟ್ಟು, ಅದರ ಮೇಲೆ ಅಯಸ್ಕಾಂತದ ಪಟ್ಟಿ ಕೂರಿಸಿ ಸಾಲು ಸಾಲಾಗಿ ಸರಿಸುತ್ತಾ ಹೋಗುವುದು. ಇಂಥ ಹಲಗೆ ಅಂಗಡಿಯಲ್ಲೂ ಸಿಗುತ್ತದೆ. ನಾನು ಮನೆಯಲ್ಲೇ ಮಾಡಿಕೊಂಡೆ. ಊಟದ ಸ್ಟೀಲ್ ತಟ್ಟೆಗೆ ಅಯಸ್ಕಾಂತ ಕಚ್ಚಲೇ ಇಲ್ಲ. ಚೌಕದ ಬಿಸ್ಕೆಟ್ ಡಬ್ಬಿಯ ತಗಡಿನ ಮುಚ್ಚಳಕ್ಕೆ ಗಟ್ಟಿಯಾಗಿ ಕಚ್ಚಿತು. ಪಟ್ಟಿ ಬಂದಿದ್ದು ಫ್ರಿಡ್ಜ್‌ನಿಂದ. ಬಾಗಿಲಿನ ರಬ್ಬರ್ ಬದಲಾಯಿಸಿದಾಗ ಹಳೆಯದನ್ನು ಬ್ಲೇಡಿನಿಂದ ಸೀಳಿದೆ. ಒಳಗೆ ಉದ್ದಕ್ಕೂ ಬಳುಕುವ ಅಯಸ್ಕಾಂತದ ಪಟ್ಟಿ! ಚಾರ್ಟ್ ಅಳತೆಗೆ ಕತ್ತರಿಸಿಕೊಂಡೆ. ಬಿಟ್ಟು ಎದ್ದಾಗ ಸೂಜಿಯೂ ಅದಕ್ಕೇ ಅಂಟಿಕೊಂಡಿರುತ್ತದೆ, ನೆಲದಲ್ಲಿ ಹುಡುಕಬೇಕಾಗಿಲ್ಲ.

ಪಟ್ಟಿಯನ್ನು ಎಲ್ಲಿ ಇಡಬೇಕು ಅನ್ನುವುದು ತಿಳಿಯಲು ಇನ್ನೂ ಸ್ವಲ್ಪ ದಿನ ಬೇಕಾಯಿತು. ಅದನ್ನು ಕಲಿಸಿದ್ದು ಅಜ್ಜಿಯ ಕಸೂತಿ. ಧಾರವಾಡದಲ್ಲಿ ಅಜ್ಜಿ ಇಳಕಲ್ ಸೀರೆಗೆ ಗವಂತಿ ಅನ್ನುವ ಕಸೂತಿ ಹೊಲಿಗೆ ಹಾಕುವಾಗ ಚಾರ್ಟೇ ಇರಲಿಲ್ಲ, ಬಟ್ಟೆಯ ಎಳೆ ಎಣಿಸುತ್ತಿದ್ದಳು. ಗವಂತಿಯಲ್ಲಿ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಜಾಗ ಬಿಡುತ್ತಾರೆ. ಬರುವಾಗ ಬಿಟ್ಟ ಜಾಗ ತುಂಬುತ್ತಾರೆ. ಎಣಿಕೆ ತಪ್ಪಿದ್ದರೆ ವಾಪಸ್ ದಾರಿ ಕೂಡುವುದಿಲ್ಲ. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ, ಹನ್ನೊಂದು ಸಾಲು ಆದಮೇಲೆ ಅಲ್ಲ. ಮುಗಿದ ಹೊಲಿಗೆಯೇ ಮುಂದಿನದಕ್ಕೆ ಸಾಕ್ಷಿ, ಅಲ್ವಾ?

ಹಾಗಾದರೆ ಪಟ್ಟಿ ಮುಚ್ಚಬೇಕಾದ್ದು ಇನ್ನೂ ಹಾಕದ ಸಾಲುಗಳನ್ನು. ಹಾಕಿದ್ದು ಕಣ್ಣಿಗೆ ಕಾಣುತ್ತಲೇ ಇರಬೇಕು. ನಾನು ನವಿಲನ್ನು ಮೇಲಿನಿಂದ ಕೆಳಗೆ ಹೊಲಿಯುತ್ತೇನೆ, ಹಾಗಾಗಿ ಪಟ್ಟಿ ಸಾಲಿನ ಕೆಳಗೆ. ಹೆಣಿಗೆ ಚಾರ್ಟ್ ಕೆಳಗಿನಿಂದ ಮೇಲೆ ಹೋಗುತ್ತದೆ, ಅಲ್ಲಿ ಪಟ್ಟಿ ಸಾಲಿನ ಮೇಲೆ. ಪುಸ್ತಕ ಓದುವಾಗ ಸ್ಕೇಲ್ ಇಡುವ ಅಭ್ಯಾಸದಲ್ಲಿ ನಾನು ಹೆಣಿಗೆಗೂ ಕೆಳಗೇ ಇಡುತ್ತಿದ್ದೆ. ಆಗ ಕಡ್ಡಿಯ ಮೇಲಿರುವ ಜಾಲಿ ತೂತುಗಳನ್ನು ಹೋಲಿಸಿ ನೋಡುವುದಕ್ಕೆ ಚಾರ್ಟ್‌ನಲ್ಲಿ ಏನೂ ಕಾಣುತ್ತಿರಲಿಲ್ಲ.

ಹೆಣಿಗೆಯಲ್ಲಿ ಇನ್ನೊಂದು ಗೊಂದಲ ದಿಕ್ಕಿನದು. ನೇರ ಬದಿಯ ಸಾಲನ್ನು ಬಲದಿಂದ ಎಡಕ್ಕೆ ಓದಬೇಕು, ಹಿಂಬದಿಯ ಸಾಲನ್ನು ಎಡದಿಂದ ಬಲಕ್ಕೆ. ಪಟ್ಟಿಯ ಒಂದು ತುದಿಗೆ ಕೆಂಪು ನೇಲ್ ಪಾಲಿಶ್ ಚುಕ್ಕೆ ಇಟ್ಟಿದ್ದೇನೆ. ಪ್ರತಿ ಸಾಲಿಗೂ ಪಟ್ಟಿ ತಿರುಗಿಸಿ, ಶುರು ಮಾಡುವ ಕಡೆಗೆ ಚುಕ್ಕೆ ಬರುವಂತೆ ಇಡುತ್ತೇನೆ.

ಚಾರ್ಟ್‌ನಲ್ಲಿ ಹಾಕಿದ ಹೊಲಿಗೆಗಳ ಗುರುತು ಇಡುವುದಕ್ಕೆ ಫೋನ್‌ನಲ್ಲಿ ಪ್ಯಾಟರ್ನ್ ಕೀಪರ್ ಥರದ ಆ್ಯಪ್‌ಗಳೂ ಇವೆ. ಬಣ್ಣಗಳು ಚೆಲ್ಲಾಪಿಲ್ಲಿಯಾಗಿ ಹರಡಿರುವ ಚಾರ್ಟ್‌ಗೆ ಅವು ತುಂಬಾ ಉಪಯೋಗ. ಒಂದೇ ಬಣ್ಣ ಜಾಸ್ತಿ ಇರುವ ನನ್ನ ನವಿಲಿಗೆ ಬೇಕಾಗಲಿಲ್ಲ.

ಬಟ್ಟೆಯ ಮೇಲೂ ಹತ್ತು ಚೌಕಕ್ಕೊಂದು ಗೆರೆ ಬೇಕೇ ಬೇಕು. ನಾನು ತಿಳಿ ಬಣ್ಣದ ದಾರದಲ್ಲಿ ಸುಮ್ನೆ ಓಡು ಹೊಲಿಗೆ ಹಾಕಿಕೊಳ್ಳುತ್ತೇನೆ. ನೀರಿಗೆ ಹೋಗುವ ನೀಲಿ ಪೆನ್ ಬಳಸುವವರು ತೊಳೆಯುವ ಮೊದಲು ಇಸ್ತ್ರಿ ಮಾಡಬೇಡಿ. ಬಿಸಿ ತಾಗಿದರೆ ಆ ಗೆರೆ ಬಟ್ಟೆಯಲ್ಲೇ ಉಳಿದುಬಿಡಬಹುದು.

ನವಿಲು ಈಗ 96ನೇ ಸಾಲಿನಲ್ಲಿದೆ, ಗರಿ ಶುರುವಾಗಿದೆ. ಫೋನ್ ಬಂದರೆ ಮೊದಲು ಪಟ್ಟಿ ಸರಿಸುತ್ತೇನೆ, ಆಮೇಲೆ ಎತ್ತುತ್ತೇನೆ.